ಸಹಿ ಎಷ್ಟಾದವು ಬಿಡ್ರಿ, ಇನ್‌ವರ್ಡ್ ನಂಬರ್ ಎಷ್ಟು?

ಹುಬ್ಬಳ್ಳಿಯ ನಮ್ಮ ಓಣಿಯ ರಸ್ತೆಯನ್ನು ಕೊಳವೆ ಹಾಕಲೆಂದು ಅಗೆದು, ಮಣ್ಣು ಎಳೆದು, ಹಾಗೇ ಬಿಟ್ಟು ಎಂಟು ತಿಂಗಳಾಗಿತ್ತು. ಬೇಸಿಗೆಯಲ್ಲಿ ಧೂಳು, ಮಳೆ ಬಿದ್ದರೆ ರಾಡಿ. ಈ ಊರಿನವರಿಗೆ ಎರಡೂ ಹೊಸದಲ್ಲ. ಹೊಸದೆಂದರೆ ಒಂದು ಭಾನುವಾರ ಓಣಿಯ ವಾಟ್ಸ್‌ಆ್ಯಪ್ ಗುಂಪಿಗೆ ಬಂದ ಲಿಂಕು. ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗ ಆನ್‌ಲೈನ್ ಮನವಿ ಶುರು ಮಾಡಿದ್ದ. "ಎಲ್ಲಾರೂ ಸಹಿ ಮಾಡ್ರಿ, ಹತ್ತು ಮಂದಿಗೆ ಕಳಸ್ರಿ." ನಾನೂ ಮಾಡಿದೆ, ಕಳಿಸಿದೆ. ಮೂರು ದಿನದಲ್ಲಿ 2,300 ಸಹಿ. ಸಂಜೆ ಗಿರ್ಮಿಟ್ ತಿನ್ನುತ್ತ ಆ ಅಂಕಿ ಏರುವುದನ್ನು ಕ್ರಿಕೆಟ್ ಸ್ಕೋರಿನಂತೆ ನೋಡಿದೆವು.

ಪಟ್ಟಿಯನ್ನು ಮುದ್ರಿಸಿಕೊಂಡು ಐದು ಮಂದಿ ಸಂಬಂಧಪಟ್ಟ ಕಚೇರಿಗೆ ಹೋದೆವು. ಅಧಿಕಾರಿ ಒಳ್ಳೆಯವರೇ. ಕೂರಿಸಿದರು, ಚಹಾ ತರಿಸಿದರು, ಹಾಳೆ ತಿರುವಿ ಒಂದೇ ಒಂದು ಪ್ರಶ್ನೆ ಕೇಳಿದರು: "ಇದರಾಗ ನಿಮ್ಮ ವಾರ್ಡಿನವರು ಎಷ್ಟು ಮಂದಿ ಅದಾರ್ರೀ?"

ನಮ್ಮಲ್ಲಿ ಉತ್ತರ ಇರಲಿಲ್ಲ. ಪಟ್ಟಿಯಲ್ಲಿ ಬರೀ ಹೆಸರು, ಅದರ ಮುಂದೆ ಊರು. ಬೆಂಗಳೂರು ಇತ್ತು, ಪುಣೆ ಇತ್ತು, ಟೊರೊಂಟೊ ಇತ್ತು. ಊರು ಬಿಟ್ಟವರಿಗೇ ಊರಿನ ರಸ್ತೆಯ ಚಿಂತೆ ಹೆಚ್ಚು ಅನ್ನುವುದು ಬೇರೆ ಮಾತು. ಒಬ್ಬನಂತೂ ತನ್ನ ಹೆಸರನ್ನು 'ಹುಬ್ಳಿ ಹುಲಿ' ಎಂದೇ ಬರೆದಿದ್ದ. ಹಾಳೆಗಳನ್ನು ಮೇಜಿನ ಮೇಲಿಟ್ಟು, ಕೈ ಮುಗಿದು, ಒಂದು ಫೋಟೊ ತೆಗೆಸಿಕೊಂಡು ಹೊರಬಂದೆವು.

ಗೇಟಿನ ಹತ್ತಿರ ಓಣಿಯ ಹಿರಿಯರೊಬ್ಬರು ಕಾಯುತ್ತಿದ್ದರು. ಮೂವತ್ತೈದು ವರ್ಷ ಗುಮಾಸ್ತಿಕೆ ಮಾಡಿ ನಿವೃತ್ತರಾದವರು. ನಾವು 2,300ರ ಕತೆ ಹೇಳಲು ಬಾಯಿ ತೆರೆದರೆ ಅವರು ತಡೆದರು: "ಸಹಿ ಎಷ್ಟಾದವು ಬಿಡ್ರಿ. ಇನ್‌ವರ್ಡ್ ನಂಬರ್ ಎಷ್ಟು ಕೊಟ್ರು?"

ನಾವು ತಗೊಂಡಿರಲಿಲ್ಲ. ಬಂದ ಕಾಗದವನ್ನು ದಾಖಲೆಗೆ ಹಚ್ಚಿ ಆ ನಂಬರ್ ಕೊಡುವ ಟಪಾಲು ಶಾಖೆಗೆ ಹೋಗಿಯೇ ಇರಲಿಲ್ಲ. ಸರ್ಕಾರಿ ಲೆಕ್ಕದಲ್ಲಿ ನಾವು ಆ ದಿನ ಕಚೇರಿಗೆ ಬಂದೇ ಇರಲಿಲ್ಲ!

ಆನ್‌ಲೈನ್ ಮನವಿಯಿಂದ ಏನಾದರೂ ಆಗುತ್ತದೆಯೇ ಎಂದು ಯಾರಾದರೂ ಕೇಳಿದರೆ ನನಗೆ ಈಗ ನೆನಪಾಗುವುದು ಆ ಹಿರಿಯರ ಮಾತೇ. ಆಗುತ್ತದೆ, ಕೆಲವೊಮ್ಮೆ. ಆದರೆ ಆದಾಗಲೆಲ್ಲ ಸಹಿಯ ಎಣಿಕೆಯ ಹಿಂದೆ ಇನ್ನೇನೋ ಇರುತ್ತದೆ. ಉತ್ತರ ಕೊಡಲೇಬೇಕಾದ ಒಂದು ಮೇಜು, ಆ ಮೇಜಿನ ಮೇಲೆ ನಂಬರ್ ಬಿದ್ದ ಒಂದು ಕಡತ.

ಮನವಿ ಬೇರೆ, ಅರ್ಜಿ ಬೇರೆ

ಇಂಗ್ಲಿಷಿನ 'ಪಿಟಿಷನ್' ಹಲವು ಸಾಮಾನನ್ನು ಒಂದೇ ಚೀಲಕ್ಕೆ ತುಂಬುತ್ತದೆ. ಕನ್ನಡದಲ್ಲಿ ಹಾಗಿಲ್ಲ. ಮನವಿ, ಅರ್ಜಿ, ಅಹವಾಲು, ದೂರು, ತಕರಾರು, ಆಕ್ಷೇಪಣೆ, ಮೇಲ್ಮನವಿ. ತಹಶೀಲ್ದಾರ್ ಕಚೇರಿಯ ಮುಂದೆ ಕೂತು ಅರ್ಜಿ ಬರೆದುಕೊಡುವವನನ್ನು ಕೇಳಿ ನೋಡಿ, ಪ್ರತಿಯೊಂದಕ್ಕೂ ಬೇರೆ ಒಕ್ಕಣೆ, ಬೇರೆ ಕಿಟಕಿ. ಅರ್ಜಿಗೆ ನಮೂನೆ ಇದೆ, ಶುಲ್ಕ ಇದೆ. ದೂರಿಗೆ ನಂಬರ್ ಇದೆ. ಆಕ್ಷೇಪಣೆಗೆ ಗಡುವು ಇದೆ, ಮೇಲ್ಮನವಿಗೆ ಒಬ್ಬ ಮೇಲಧಿಕಾರಿ ಇದ್ದಾನೆ. ಮನವಿಗೆ ಇರುವುದು ಕೇಳುವವರ ಮರ್ಜಿ ಮಾತ್ರ.

ಆನ್‌ಲೈನ್ ತಾಣಗಳಲ್ಲಿ ನಾವು ಮಾಡುವುದು ಅಪ್ಪಟ ಮನವಿ. ಅದಕ್ಕೆ ಒತ್ತುವ ಗುಂಡಿ ಕಾನೂನಿನ ಕಣ್ಣಲ್ಲಿ ಸಹಿಯೂ ಅಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ವಿದ್ಯುನ್ಮಾನ ಸಹಿಗೆ ಮಾನ್ಯತೆ ಕೊಟ್ಟಿದೆ, ನಿಜ. ಅದು ಆಧಾರ್ ಮೂಲಕ ಮಾಡುವ ಇ-ಸಹಿ ಅಥವಾ ಡಿಜಿಟಲ್ ಪ್ರಮಾಣಪತ್ರದ ಸಹಿ. ಹೆಸರು, ಇಮೇಲ್ ತುಂಬಿ ಒತ್ತಿದ್ದು ಬೆಂಬಲದ ಸೂಚನೆ, ಅಷ್ಟೇ. ಸಹಿ ಮುಗಿದ ಮರುಕ್ಷಣವೇ "ನೂರು ರೂಪಾಯಿ ಕೊಟ್ಟು ಈ ಮನವಿಯನ್ನು ಇನ್ನಷ್ಟು ಜನಕ್ಕೆ ಮುಟ್ಟಿಸಿ" ಎನ್ನುವ ತಾಣಗಳೂ ಇವೆ. ಆ ಹಣ ಮನವಿಯ ಪ್ರಚಾರಕ್ಕೆ ಹೋಗುತ್ತದೆ, ನಿಮ್ಮ ಓಣಿಯ ಹೋರಾಟದ ಡಬ್ಬಿಗಲ್ಲ. ನಮ್ಮ ಗುಂಪಿನಲ್ಲಿ ಇಬ್ಬರು ರಸ್ತೆಯ ಫಂಡಿಗೆ ಅಂತಲೇ ತಿಳಿದು ಕೊಟ್ಟಿದ್ದರು.

ಹಾಗಂತ ಮನವಿ ಕೊಡುವುದು ನಮ್ಮ ಹಕ್ಕೇ ಅಲ್ಲ ಎಂದಲ್ಲ. ಸಂವಿಧಾನದ 350ನೇ ವಿಧಿಯ ಪ್ರಕಾರ ಯಾವುದೇ ಕುಂದುಕೊರತೆಗೆ ಪರಿಹಾರ ಕೋರಿ ಕೇಂದ್ರ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸಬಹುದು. ಅಂದರೆ ರೈಲ್ವೆಗೋ ಅಂಚೆ ಇಲಾಖೆಗೋ ಕನ್ನಡದಲ್ಲೇ ಬರೆಯುವುದು ಅವರು ಮಾಡುವ ಉಪಕಾರವಲ್ಲ, ನಮಗಿರುವ ಹಕ್ಕು. ಕೊರತೆ ಇರುವುದು ಮುಂದಿನ ಹೆಜ್ಜೆಯಲ್ಲಿ. ಸಲ್ಲಿಸುವ ಹಕ್ಕು ಕೊಟ್ಟ ವಿಧಿ ಇಷ್ಟು ದಿನದೊಳಗೆ ಉತ್ತರಿಸಬೇಕು ಎಂದು ಹೇಳಿಲ್ಲ.

ಬ್ರಿಟನ್ನಿನಲ್ಲಿ ಹತ್ತು ಸಾವಿರಕ್ಕೆ ಉತ್ತರ

ಆನ್‌ಲೈನ್ ಮನವಿಯ ಮೇಲೆ ಇಷ್ಟು ಭರವಸೆ ಹುಟ್ಟಲು ಒಂದು ಕಾರಣ ಹೊರದೇಶದ ಸುದ್ದಿಗಳು. ಬ್ರಿಟನ್ನಿನ ಸಂಸತ್ತಿನದೇ ಅಧಿಕೃತ ತಾಣವಿದೆ. 10,000 ಸಹಿ ದಾಟಿದರೆ ಸರ್ಕಾರ ಲಿಖಿತ ಉತ್ತರ ಕೊಡುತ್ತದೆ. 1,00,000 ದಾಟಿದರೆ ಚರ್ಚೆಗೆ ಪರಿಗಣಿಸುತ್ತಾರೆ. ಇಲ್ಲಿ ಎಣಿಕೆಗೆ ಬೆಲೆ ಇದೆ, ಯಾಕೆಂದರೆ ಆ ಎಣಿಕೆಯ ಕೊನೆಗೆ ಒಂದು ಮೇಜನ್ನು ಮೊದಲೇ ಇಟ್ಟಿದ್ದಾರೆ.

ಅಲ್ಲೂ ಸಿಗುವುದು ಉತ್ತರ, ಬೇಡಿಕೆಯಲ್ಲ. 2019ರಲ್ಲಿ ಐರೋಪ್ಯ ಒಕ್ಕೂಟ ಬಿಡುವ ತೀರ್ಮಾನವನ್ನು ಹಿಂತೆಗೆಯಿರಿ ಎಂಬ ಮನವಿಗೆ 60 ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಆ ವರ್ಷ ಏಪ್ರಿಲ್ 1ರಂದು ಸಂಸದರು ಚರ್ಚಿಸಿದರು. ಸರ್ಕಾರ ಆಗುವುದಿಲ್ಲ ಎಂದಿತು, ಬ್ರಿಟನ್ ಒಕ್ಕೂಟ ಬಿಟ್ಟಿತು. ಅದಕ್ಕಿಂತ ಎಷ್ಟೋ ಸಣ್ಣ ಮನವಿಯೊಂದು, ಪೊಲೀಸ್ ನಾಯಿಗಳ ಮೇಲೆ ಹಲ್ಲೆ ಮಾಡಿದವರಿಗೆ ಕಠಿಣ ಶಿಕ್ಷೆ ಬೇಕು ಎಂದದ್ದು, ಅದೇ 2019ರಲ್ಲಿ ಕಾಯ್ದೆಯೇ ಆಯಿತು. ನಾಯಿಯ ವಿಷಯದಲ್ಲಿ ಯಾವ ಪಕ್ಷಕ್ಕೂ ಕಳೆದುಕೊಳ್ಳುವುದೇನೂ ಇರಲಿಲ್ಲ, ಒಬ್ಬ ಸಂಸದ ಖಾಸಗಿ ಮಸೂದೆ ಹಿಡಿದು ಓಡಾಡಿದ.

ಅದಕ್ಕೂ ಹಿಂದೆ ಬ್ರಿಟನ್ ಪ್ರಧಾನಿ ಕಚೇರಿಯ ಹಳೆಯ ತಾಣದಲ್ಲಿ ಬಂದ 8,000ಕ್ಕೂ ಹೆಚ್ಚು ಮನವಿಗಳನ್ನು ಆಕ್ಸ್‌ಫರ್ಡಿನ ಸಂಶೋಧಕರು ಪರೀಕ್ಷಿಸಿದ್ದರು. ಶೇ 94ರಷ್ಟಕ್ಕೆ 500 ಸಹಿಯೂ ಸಿಕ್ಕಿರಲಿಲ್ಲ. ಯಾವುದು ಗೆಲ್ಲುತ್ತದೆ ಎಂಬುದು ಬಹುಪಾಲು ಮೊದಲ ದಿನವೇ ತೀರ್ಮಾನವಾಗಿರುತ್ತಿತ್ತು. ನಿಧಾನವಾಗಿ ಬೆಳೆದು ದೊಡ್ಡದಾದ ಮನವಿ ಅಪರೂಪ. ಸಂತೆಯ ತರಕಾರಿಯ ಹಾಗೆ, ಹೊತ್ತು ಏರುವುದರೊಳಗೆ ಹೋದರೆ ಹೋಯಿತು.

ಅಮೆರಿಕದ ಶ್ವೇತಭವನವೂ 2011ರಲ್ಲಿ ಇಂಥದೊಂದು ತಾಣ ತೆರೆದು, ಸಹಿಯ ಮಿತಿಯನ್ನು 5,000ದಿಂದ 25,000ಕ್ಕೆ, ಆಮೇಲೆ 1,00,000ಕ್ಕೆ ಏರಿಸುತ್ತ ಹೋಗಿ, ಕೊನೆಗೆ 2021ರಲ್ಲಿ ಮುಚ್ಚಿತು. ಆ ಹತ್ತು ವರ್ಷಗಳಲ್ಲಿ ಕಾನೂನು ಬದಲಾಗುವವರೆಗೆ ಮುಟ್ಟಿದ್ದೆಂದು ಜನ ಮತ್ತೆ ಮತ್ತೆ ಹೇಳುವುದು ಒಂದೇ ಕಂಪನಿಯ ಸಿಮ್ಮಿಗೆ ಕಟ್ಟಿಹಾಕಿದ ಮೊಬೈಲ್ ಫೋನಿನ ಬೀಗ ತೆಗೆಸುವ ಹಕ್ಕಿನ ಮನವಿಯೊಂದನ್ನೇ. ಅದು 2014ರಲ್ಲಿ ಕಾಯ್ದೆಯಾಯಿತು.

ನಮ್ಮಲ್ಲಿ ಇಂಥ ಗೆರೆಯೇ ಇಲ್ಲ. ಭಾರತದಲ್ಲಿ ಖಾಸಗಿ ತಾಣವೊಂದರಲ್ಲಿ ಹತ್ತು ಸಾವಿರವಾಗಲಿ, ಹತ್ತು ಲಕ್ಷವಾಗಲಿ, ಯಾವ ಅಧಿಕಾರಿಗೂ ಉತ್ತರಿಸುವ ಕಾನೂನುಬದ್ಧ ಹೊಣೆ ಹುಟ್ಟುವುದಿಲ್ಲ. ಆ ತಾಣ ತೋರಿಸುವ "ಗುರಿ: 5,000" ಎಂಬ ಪಟ್ಟಿ ಅವರೇ ಎಳೆದದ್ದು. ಅದು ತುಂಬುತ್ತಿದ್ದಂತೆ ಗುರಿ 7,500 ಆಗುತ್ತದೆ. ಎಳೆ ಎತ್ತಿನ ಮುಂದೆ ಹುಲ್ಲು ಹಿಡಿದ ಹಾಗೆ.

ಸಂಸತ್ತಿನ ಬಾಗಿಲು

ಸಂಸತ್ತಿಗೆ ಅರ್ಜಿ ಕೊಡುವ ದಾರಿ ನಮ್ಮಲ್ಲೂ ಇದೆ, ಬಹಳ ಜನ ಬಳಸುವುದಿಲ್ಲ. ಲೋಕಸಭೆಗೂ ರಾಜ್ಯಸಭೆಗೂ ಅರ್ಜಿಗಳ ಸಮಿತಿಗಳಿವೆ. ಲೋಕಸಭೆಗಾದರೆ ಅರ್ಜಿಗೆ ಸಂಸದರೊಬ್ಬರ ಮೇಲುಸಹಿ ಬೇಕು. ಸಹಿ ಮಾಡಿದ ಪ್ರತಿಯೊಬ್ಬರ ಪೂರ್ಣ ಹೆಸರು, ವಿಳಾಸ ಇರಬೇಕು, ಓದು ಬಾರದವರು ಹೆಬ್ಬೆಟ್ಟು ಒತ್ತಬೇಕು. ಕನ್ನಡದಲ್ಲಿ ಬರೆದರೆ ಹಿಂದಿ ಅಥವಾ ಇಂಗ್ಲಿಷ್ ಅನುವಾದ ಲಗತ್ತಿಸಬೇಕು. 'ಹುಬ್ಳಿ ಹುಲಿ' ಇಲ್ಲಿ ನಡೆಯುವುದಿಲ್ಲ.

ಈ ಬಾಗಿಲಿನಿಂದ ದೊಡ್ಡ ಕೆಲಸವೂ ಆಗಿದೆ. ಮಾಜಿ ಸೈನಿಕರ 'ಒಂದು ಶ್ರೇಣಿ, ಒಂದು ಪಿಂಚಣಿ' ಬೇಡಿಕೆ ರಾಜ್ಯಸಭೆಯ ಅರ್ಜಿಗಳ ಸಮಿತಿಗೆ ಹೋಗಿತ್ತು. ಭಗತ್ ಸಿಂಗ್ ಕೋಶಿಯಾರಿ ಅಧ್ಯಕ್ಷತೆಯ ಆ ಸಮಿತಿ 2011ರ ಡಿಸೆಂಬರಿನಲ್ಲಿ ಬೇಡಿಕೆ ನ್ಯಾಯವಾದದ್ದು ಎಂದು ವರದಿ ಕೊಟ್ಟಿತು. ಸರ್ಕಾರ ಆದೇಶ ಹೊರಡಿಸಿದ್ದು 2015ರಲ್ಲಿ, ಅದೂ ದೆಹಲಿಯ ಜಂತರ್ ಮಂತರಿನಲ್ಲಿ ಮಾಜಿ ಸೈನಿಕರು ತಿಂಗಳುಗಟ್ಟಲೆ ಕೂತ ಮೇಲೆ. ಅರ್ಜಿಯೊಂದೇ ತಂದುಕೊಡಲಿಲ್ಲ. ಆದರೆ ಬೀದಿಯಲ್ಲಿ ಕೂತವರ ಕೈಯಲ್ಲಿ ಸಂಸತ್ತಿನದೇ ವರದಿ ಇತ್ತು.

ರಾಜ್ಯ ವಿಧಾನಸಭೆಗೂ ಅರ್ಜಿಗಳ ಸಮಿತಿ ಇದೆ. ಶಾಸಕರನ್ನು ಮದುವೆ, ಗೃಹಪ್ರವೇಶಗಳಲ್ಲಿ ಹಿಡಿದು ಮನವಿಪತ್ರ ಕೊಡುವ ನಮಗೆ ಆ ಸಮಿತಿಯ ಹೆಸರು ನೆನಪಾಗುವುದೇ ಇಲ್ಲ.

1955ರ ಫಾರ್ವರ್ಡ್‌ಗಳು

ಕ್ಲಿಕ್ಕಿನ ಮನವಿ ಈ ಕಾಲದ ಸೋಮಾರಿತನ ಎಂದು ಹಿರಿಯರು ಬೈಯುವುದುಂಟು. ಹಿಂದಿನವರೂ ಇದನ್ನೇ ಮಾಡಿದ್ದರು, ತಂತಿಯಲ್ಲಿ.

ಕರ್ನಾಟಕ ಏಕೀಕರಣದ ಕಾವು ಹುಬ್ಬಳ್ಳಿ-ಧಾರವಾಡದಲ್ಲಿ ಹೇಗಿತ್ತು ಎಂಬುದನ್ನು ಇಲ್ಲಿನವರಿಗೆ ಹೇಳಬೇಕಿಲ್ಲ. 1953ರಲ್ಲಿ ಅದರಗುಂಚಿಯ ಶಂಕರಗೌಡ ಪಾಟೀಲರು ಉಪವಾಸ ಕೂತರು, ಏಪ್ರಿಲಿನಲ್ಲಿ ಹುಬ್ಬಳ್ಳಿ ಹೊತ್ತಿ ಉರಿಯಿತು. ಆ ವರ್ಷದ ಕೊನೆಗೆ ಫಜಲ್ ಅಲಿ ನೇತೃತ್ವದ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯಿತು. ದೇಶದ ಮೂಲೆಮೂಲೆಯಿಂದ ಆಯೋಗಕ್ಕೆ ಮನವಿಗಳು ಹರಿದುಬಂದವು. ಒಟ್ಟು 1,52,250. ಆಯೋಗ ತನ್ನ 1955ರ ವರದಿಯಲ್ಲಿ ಈ ಅಂಕಿಯ ಜೊತೆಗೇ ಇನ್ನೊಂದನ್ನೂ ಬರೆದಿಟ್ಟಿದೆ: ಇವುಗಳಲ್ಲಿ ಹೆಚ್ಚಿನವು ಬರೀ ತಂತಿ, ಅಚ್ಚು ಹಾಕಿಸಿದ ಠರಾವು ಇತ್ಯಾದಿ. ಯೋಚಿಸಿ ಬರೆದ ಮನವಿಗಳು ಸುಮಾರು 2,000 ಮೀರುವುದಿಲ್ಲ.

ಒಂದೂವರೆ ಲಕ್ಷದಲ್ಲಿ ಎರಡು ಸಾವಿರ. ಅಚ್ಚಾದ ಠರಾವು ಅಂದರೆ ಆ ಕಾಲದ ಫಾರ್ವರ್ಡ್. ಒಂದೇ ಒಕ್ಕಣೆ, ಕೆಳಗೆ ಬೇರೆ ಬೇರೆ ಊರಿನ ಹೆಸರು. ಅವು ವ್ಯರ್ಥವಾದವೇ? ಹಾಗೆ ಹೇಳಲಾರೆ. ಒಂದೂವರೆ ಲಕ್ಷ ಕಾಗದ ಬಂದಿವೆ ಎಂಬುದೇ ಜನರಲ್ಲಿ ಕಾವಿದೆ ಎನ್ನಲು ಸಾಕ್ಷಿ. ಆದರೆ ಗಡಿ ಎಲ್ಲಿ ಬರಬೇಕು, ಯಾವ ತಾಲೂಕು ಎತ್ತ ಸೇರಬೇಕು ಎಂದು ಕೂತು ಬರೆಯುವಾಗ ಆಯೋಗದ ಮೇಜಿನ ಮೇಲೆ ಕೆಲಸಕ್ಕೆ ಬರುವಂಥವು ಆ ಎರಡು ಸಾವಿರ. ಆಯೋಗ 104 ಊರುಗಳಿಗೆ ಹೋಗಿ 9,000ಕ್ಕೂ ಹೆಚ್ಚು ಜನರನ್ನು ಖುದ್ದಾಗಿ ಕೇಳಿತ್ತು ಕೂಡ. ತಂತಿಯನ್ನು ಎಣಿಸಿದರು, ಮನುಷ್ಯರನ್ನು ಕೇಳಿಸಿಕೊಂಡರು.

ಅರವತ್ತು ವರ್ಷದ ಮೇಲೆ ಇದೇ ಕತೆ ಇನ್ನೂ ದೊಡ್ಡದಾಗಿ ನಡೆಯಿತು. ಇಂಟರ್ನೆಟ್ಟಿನಲ್ಲಿ ಕೆಲವು ತಾಣಗಳಿಗೆ ಮಾತ್ರ ಬೇರೆ ದರ ಹಾಕಬಹುದೇ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2015ರಲ್ಲಿ ಜನರ ಅಭಿಪ್ರಾಯ ಕೇಳಿತು. ಆ ವರ್ಷದ ಏಪ್ರಿಲಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್ ಬಂದವು. ವರ್ಷಾಂತ್ಯದ ಎರಡನೇ ಸುತ್ತಿನಲ್ಲಿ ಫೇಸ್‌ಬುಕ್, ಆಯ್ದ ಕೆಲವು ತಾಣಗಳನ್ನು ಮಾತ್ರ ಪುಕ್ಕಟೆ ತೋರಿಸುವ ತನ್ನ 'ಫ್ರೀ ಬೇಸಿಕ್ಸ್' ಯೋಜನೆಗೆ ಬಳಕೆದಾರರಿಂದ ಗುಂಡಿ ಒತ್ತಿಸಿ 18 ಲಕ್ಷಕ್ಕೂ ಹೆಚ್ಚು ಬೆಂಬಲದ ಸಂದೇಶ ಕಳಿಸಿತು. ಎಣಿಕೆಯೇ ನಿರ್ಣಾಯಕವಾಗಿದ್ದರೆ ಫೇಸ್‌ಬುಕ್ ಗೆಲ್ಲಬೇಕಿತ್ತು. ಟ್ರಾಯ್ ಮಾತ್ರ, ನಾವು ಕೇಳಿದ ಪ್ರಶ್ನೆಗಳಿಗೆ ಇವು ಉತ್ತರಿಸಿಯೇ ಇಲ್ಲ, ಸಮಾಲೋಚನೆಯನ್ನು ಜನಮತಗಣನೆ ಮಾಡಬೇಡಿ ಎಂದು ಖಡಕ್ಕಾಗಿ ಬರೆಯಿತು. 2016ರ ಫೆಬ್ರವರಿ 8ರಂದು ಭೇದದ ದರಗಳನ್ನೇ ನಿಷೇಧಿಸಿತು.

ಇದನ್ನು ಆನ್‌ಲೈನ್ ಮನವಿಯ ಗೆಲುವು ಎಂದು ಹಲವರು ಬರೆಯುತ್ತಾರೆ. ಅರ್ಧ ನಿಜ. ಗೆದ್ದ ಕಡೆಯವರು ಇಮೇಲ್ ಕಳಿಸುವ ಗುಂಡಿಯೊಂದನ್ನೇ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಟ್ರಾಯ್ ಕೇಳಿದ ಒಂದೊಂದು ಪ್ರಶ್ನೆಗೂ ಉತ್ತರ ಸಿದ್ಧಮಾಡಿ ಆ ಗುಂಡಿಯ ಹಿಂದೆ ಇಟ್ಟಿದ್ದರು. ಟ್ರಾಯ್‌ಗೆ ಅಭಿಪ್ರಾಯ ಕೇಳಲೇಬೇಕಾದ ಹೊಣೆ ಇತ್ತು, ಕೊನೆಯ ದಿನಾಂಕವಿತ್ತು. ಮೇಜು, ಕಡತ, ಗಡುವು, ಮೂರೂ ಸಿಕ್ಕಾಗ ಸಂಖ್ಯೆಗೆ ತೂಕ ಬಂತು.

ಇನ್ನೊಂದು ಬಗೆಯ ಗೆಲುವೂ ಇದೆ. ಸ್ಯಾನಿಟರಿ ಪ್ಯಾಡಿಗೆ ಶೇ 12 ಜಿಎಸ್‌ಟಿ ಬೇಡ ಎಂದು ಆಗಿನ ಸಂಸದೆ ಸುಷ್ಮಿತಾ ದೇವ್ 2017ರಲ್ಲಿ ಆನ್‌ಲೈನ್ ಮನವಿ ಮಾಡಿ ಲಕ್ಷಗಟ್ಟಲೆ ಸಹಿ ಕೂಡಿಸಿದ್ದರು. ಕೋರ್ಟುಗಳಲ್ಲೂ ಪ್ರಕರಣಗಳಿದ್ದವು. 2018ರ ಜುಲೈನಲ್ಲಿ ಜಿಎಸ್‌ಟಿ ಮಂಡಳಿ ತೆರಿಗೆಯನ್ನು ತೆಗೆಯಿತು. ಇಂಥ ಕಡೆ ಮನವಿ ಮಾಡುವ ಕೆಲಸವೇ ಬೇರೆ. ಒಳಗೆ ಯಾರಿಗೋ ಆಗಲೇ ಮನಸ್ಸಿರುತ್ತದೆ, ಒಂದು ನೆಪ ಬೇಕಿರುತ್ತದೆ. "ಜನ ಕೇಳಾಕತ್ತಾರ್ರೀ" ಎಂದು ಮೇಲಿನವರ ಮುಂದೆ ಇಡಲು ಒಂದು ಹಾಳೆ. ಸಹಿಗಳು ಆ ಹಾಳೆ. ನನ್ನ ಅನುಭವದಲ್ಲಿ ಸಣ್ಣ ಊರಿನ ಮನವಿಗಳಲ್ಲಿ ಫಲಿಸಿದ್ದು ಹೆಚ್ಚಾಗಿ ಹೀಗೇ. ಮನಸ್ಸಿಲ್ಲದವರಿಗೆ ಮನಸ್ಸು ಬರಿಸುವ ಶಕ್ತಿ ಅದಕ್ಕೆ ಕಡಿಮೆ.

ಕಪ್ಪತಗುಡ್ಡದಲ್ಲಿ ನಡೆದದ್ದು

ಗದಗಿನ ಕಪ್ಪತಗುಡ್ಡದ ಉದಾಹರಣೆ ಇಲ್ಲಿ ಬೇಕೇ ಬೇಕು. ಔಷಧಿ ಸಸ್ಯಗಳಿಗೆ ಹೆಸರಾದ ಆ ಗುಡ್ಡದ ಸಾಲನ್ನು ಸರ್ಕಾರ 2015ರ ಡಿಸೆಂಬರಿನಲ್ಲಿ ಸಂರಕ್ಷಿತ ಪ್ರದೇಶ ಎಂದು ಘೋಷಿಸಿತು, ಸುಮಾರು 17,872 ಹೆಕ್ಟೇರ್. ಒಂದು ವರ್ಷ ಕಳೆಯುವುದರೊಳಗೆ, 2016ರ ನವೆಂಬರಿನಲ್ಲಿ, ಅದೇ ಸರ್ಕಾರ ಘೋಷಣೆ ಹಿಂತೆಗೆದುಕೊಂಡಿತು. ಗುಡ್ಡದೊಳಗೆ ಚಿನ್ನವಿದೆ, ಅದಿರಿದೆ ಎಂಬುದು ಊರಿನ ದನ ಕಾಯುವ ಹುಡುಗನಿಗೂ ಗೊತ್ತಿದ್ದ ವಿಷಯ.

ವನ್ಯಜೀವಿ ಸಂರಕ್ಷಣಾ ಕಾಯ್ದೆಯ 36ಎ ಕಲಮಿನ ಪ್ರಕಾರ ಇಂಥ ಘೋಷಣೆಗೆ ಮುನ್ನ ಸ್ಥಳೀಯ ಸಮುದಾಯಗಳ ಜೊತೆ ಸಮಾಲೋಚನೆ ಮಾಡಬೇಕು. ಈ ಮಾತು ಎರಡೂ ಕಡೆಗೆ ಹರಿತವಾದದ್ದು. ಜನರನ್ನು ಕೇಳಿಲ್ಲ ಎಂದು ಘೋಷಣೆಯನ್ನು ಬೀಳಿಸಬಹುದು, ಜನರೇ ಎದ್ದು ನಿಂತು "ನಮ್ಮನ್ನ ಕೇಳ್ರಿ, ನಾವು ಹೇಳ್ತೀವಿ" ಎಂದರೆ ಮತ್ತೆ ಎತ್ತಿ ನಿಲ್ಲಿಸಲೂಬಹುದು. ಗದಗಿನಲ್ಲಿ ಆದದ್ದು ಎರಡನೆಯದು. ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು. 2011ರಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆ ಹಳ್ಳಿಗುಡಿಯ ಹೊಲಗಳಿಗೆ ಬರುವುದನ್ನು ತಡೆದವರೂ ಅವರೇ. ರೈತರು, ಮಠದ ಭಕ್ತರು, ಧಾರವಾಡದ ಪರಿಸರ ಕಾರ್ಯಕರ್ತರು ಕೂಡಿದರು, 2017ರ ಫೆಬ್ರವರಿಯಲ್ಲಿ ಗದಗಿನಲ್ಲಿ ಧರಣಿ ನಡೆಯಿತು. ಏಪ್ರಿಲಿನಲ್ಲಿ ಘೋಷಣೆ ಮರಳಿ ಬಂತು. 2019ರಲ್ಲಿ ಗುಡ್ಡ 244 ಚದರ ಕಿಲೋಮೀಟರಿನ ವನ್ಯಜೀವಿಧಾಮವೇ ಆಯಿತು.

ನಮ್ಮ ಭಾಗದ ದೊಡ್ಡ ಗೆಲುವುಗಳೆಲ್ಲ ಹೆಚ್ಚು ಕಡಿಮೆ ಹೀಗೇ ಇವೆ. ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಸಾಮೂಹಿಕ ಜಮೀನಿನಲ್ಲಿ ನೆಟ್ಟ ನೀಲಗಿರಿಯನ್ನು ಕಿತ್ತು ಊರಿಗೆ ಬೇಕಾದ ಗಿಡ ನೆಟ್ಟ 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹ ನಡೆದದ್ದು 1987ರ ನವೆಂಬರ್ 14ರಂದು. ಅಷ್ಟೊತ್ತಿಗೆ ಶಿವರಾಮ ಕಾರಂತರೂ ಸಮಾಜ ಪರಿವರ್ತನ ಸಮುದಾಯದವರೂ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿ ಆಗಿತ್ತು. ಒಂದು ಕೈಯಲ್ಲಿ ರಿಟ್ ಅರ್ಜಿ, ಇನ್ನೊಂದರಲ್ಲಿ ಗುದ್ದಲಿ. ಧಾರವಾಡಕ್ಕೆ ಹೈಕೋರ್ಟ್ ಪೀಠ ಬಂದದ್ದು 2008ರಲ್ಲಿ, ಕಾಯಂ ಆದದ್ದು 2013ರಲ್ಲಿ. ಅದರ ಹಿಂದೆ ವಕೀಲರು ದಶಕಗಳ ಕಾಲ ಕೋರ್ಟು ಬಿಟ್ಟು ಬೀದಿಗಿಳಿದದ್ದಿದೆ. ಇವುಗಳಲ್ಲಿ ಎಷ್ಟು ಸಹಿ ಬಿದ್ದಿದ್ದವು ಎಂದು ಯಾರನ್ನಾದರೂ ಕೇಳಿ, ನಕ್ಕುಬಿಡುತ್ತಾರೆ.

ಯಾವ ಕಿಟಕಿಗೆ ಯಾವ ಕಾಗದ

ಮತ್ತೆ ನಮ್ಮ ಓಣಿಗೆ ಬರೋಣ. ಆ ಹಿರಿಯರು ಮರುದಿನ ಸಂಜೆ ನಾಲ್ಕು ಮಂದಿಯನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಪಾಠ ಮಾಡಿದರು. ಮೊದಲ ಪಾಠ: ಬೇಡುವ ಮೊದಲು ಕೇಳು. ರಸ್ತೆ ಮಾಡಿಕೊಡಿ ಎನ್ನುವುದಕ್ಕಿಂತ ಮುಂಚೆ, ಈ ರಸ್ತೆಯನ್ನು ಮೊದಲಿನಂತೆ ಮಾಡಿಕೊಡುವ ಹೊಣೆ ಯಾರದು, ಯಾವ ದಿನಾಂಕದೊಳಗೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಬೇಕು. 2005ರ ಕಾಯ್ದೆಯಡಿ ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ. ರಾಜ್ಯ ಸರ್ಕಾರದ ಕಚೇರಿಗಳಿಗೆ ಆನ್‌ಲೈನಿನಲ್ಲೂ ಹಾಕಬಹುದು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ನಮ್ಮ ಹುಡುಗ ಮೊದಲು ಬರೆದದ್ದು 400 ಪದ, ಅದರಲ್ಲಿ ಅರ್ಧ ಆಕ್ರೋಶ. ಹಿರಿಯರು ಪೆನ್ನು ತಗೊಂಡು ಹೊಡೆದುಹಾಕುತ್ತ ಹೋದರು: "ಸಿಟ್ಟಿಗೆ ಉತ್ತರ ಕೊಡಾಕ ಕಾಯ್ದೆದಾಗ ಅವಕಾಶ ಇಲ್ಲಪಾ. ದಾಖಲೆ ಕೇಳು."

ದಾಖಲೆ ಬಂತು, 27ನೇ ದಿನ. ಅಗೆದವರೇ ಮೊದಲಿನಂತೆ ಮಾಡಿಕೊಡಬೇಕು ಎಂಬ ಷರತ್ತು ಒಪ್ಪಂದದಲ್ಲೇ ಇತ್ತು, ದಿನಾಂಕ ಎಂದೋ ಮುಗಿದಿತ್ತು. ಎರಡನೇ ಮನವಿ ಒಂದೇ ಪುಟದ್ದಾಯಿತು. ಷರತ್ತಿನ ಪ್ರತಿ ಲಗತ್ತು, 41 ಮನೆಗಳ ಬಾಗಿಲ ನಂಬರ್ ಸಮೇತ ಸಹಿ. ಟಪಾಲು ಶಾಖೆಯಲ್ಲಿ ಮುದ್ರೆ ಬಿತ್ತು, ಇನ್‌ವರ್ಡ್ ನಂಬರನ್ನು ನಮ್ಮ ಪ್ರತಿಯ ಮೂಲೆಯಲ್ಲಿ ನೀಲಿ ಶಾಯಿಯಲ್ಲಿ ಬರೆದುಕೊಟ್ಟರು. 2,300 ಜನ ಮಾಡದ ಕೆಲಸವನ್ನು ಆ 41 ಮನೆ ಮಾಡಿದವು ಎಂದು ಹೇಳಲು ಆಸೆ. ಪೂರ್ತಿ ನಿಜವಲ್ಲ. ಆನ್‌ಲೈನ್ ಮನವಿ ನೋಡಿ ಸ್ಥಳೀಯ ಪತ್ರಕರ್ತರೊಬ್ಬರು ಫೋಟೊ ಹಾಕಿದ್ದರು, ಅದೂ ಕೆಲಸ ಮಾಡಿತು. ಐದು ತಿಂಗಳಿಗೆ ಡಾಂಬರು ಬಂತು, ಓಣಿಯ ಮೂರರಲ್ಲಿ ಎರಡು ಭಾಗಕ್ಕೆ. ಗುಡಿಯ ಕಡೆಯ ತುದಿ ಇನ್ನೂ ಮಣ್ಣೇ.

ಉಳಿದ ಕಿಟಕಿಗಳು ಬೇಗ ಬೇಗ. ರಾಜ್ಯದ ಇಲಾಖೆಗಳ ವಿರುದ್ಧ ದೂರಿಗೆ 'ಜನಸ್ಪಂದನ' ಇದೆ, ಸಹಾಯವಾಣಿ 1902. ದೂರಿನ ನಂಬರ್ ಸಿಗುತ್ತದೆ, ಬರೆದಿಟ್ಟುಕೊಳ್ಳಿ. ಖಾತೆ, ಜನನ ಪ್ರಮಾಣಪತ್ರದಂಥ ಪಟ್ಟಿಮಾಡಿದ ಸೇವೆ ತಡವಾದರೆ 'ಸಕಾಲ'. ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವೂ ಉಂಟು, ರಸ್ತೆಗೆ ಅನ್ವಯಿಸುವುದಿಲ್ಲ. ರೈಲು, ಅಂಚೆ, ಬ್ಯಾಂಕು, ಪಿಂಚಣಿ, ಪಾಸ್‌ಪೋರ್ಟು ಇಂಥ ಕೇಂದ್ರದ ವಿಷಯಕ್ಕೆ ಸಿಪಿಗ್ರಾಮ್ಸ್, ಅಂದರೆ ಕೇಂದ್ರ ಸರ್ಕಾರದ ಆನ್‌ಲೈನ್ ದೂರು ವ್ಯವಸ್ಥೆ. ಅಲ್ಲಿ ಉತ್ತರದ ಗಡುವು 30 ದಿನವಿದ್ದದ್ದನ್ನು 2024ರಲ್ಲಿ 21ಕ್ಕೆ ಇಳಿಸಿದ್ದಾರೆ. ಪ್ರಧಾನಿಗೆ ಆನ್‌ಲೈನಿನಲ್ಲಿ ಬರೆದ ದೂರೂ ಈ ವ್ಯವಸ್ಥೆಯಲ್ಲೇ ಸುತ್ತುತ್ತದೆ. ಇಲ್ಲಿನ ರೋಗವೆಂದರೆ ಕೆಲಸವಾಗುವ ಮುನ್ನವೇ "ವಿಲೇವಾರಿಯಾಗಿದೆ" ಎಂದು ಮುಚ್ಚಿಬಿಡುವುದು. ಮುಚ್ಚಿದ ದೂರಿನ ಮೇಲೆ 30 ದಿನದೊಳಗೆ ಮೇಲ್ಮನವಿಗೆ ಅವಕಾಶವಿದೆ. ಬಹಳ ಮಂದಿ ಅಲ್ಲಿಗೇ ಕೈಬಿಡುತ್ತಾರೆ, ಮುಚ್ಚಿದವರಿಗೂ ಅದು ಗೊತ್ತು.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಕಿಟಕಿ ಇನ್ನೊಂದು, ಕರಡು ಅಧಿಸೂಚನೆ. ವಾರ್ಡಿನ ಗಡಿ, ಹೊಸ ನಿಯಮ ಇಂಥವನ್ನು ಅಂತಿಮ ಮಾಡುವ ಮುನ್ನ ಸರ್ಕಾರ ರಾಜ್ಯಪತ್ರದಲ್ಲಿ ಕರಡು ಹಾಕಿ ಇಷ್ಟು ದಿನದಲ್ಲಿ ಆಕ್ಷೇಪಣೆ ಸಲ್ಲಿಸಿ ಎನ್ನುತ್ತದೆ. ಭೂಸ್ವಾಧೀನ ಕಾಯ್ದೆಯಲ್ಲೂ ಪ್ರಾಥಮಿಕ ಅಧಿಸೂಚನೆಯಾದ ಮೇಲೆ 60 ದಿನದ ಅವಕಾಶವಿದೆ. ಬಂದ ಆಕ್ಷೇಪಣೆಯನ್ನು ಪರಿಗಣಿಸದೆ ಮುಂದೆ ಹೋದರೆ ಕೋರ್ಟಿನಲ್ಲಿ ಪ್ರಶ್ನಿಸಬಹುದು. ಅಂದರೆ ಇಲ್ಲಿ ನೀವು ಕೊಟ್ಟ ಒಂದು ಹಾಳೆಗೆ ಕಾನೂನಿನ ಬೆನ್ನೆಲುಬು ಇದೆ. 2020ರಲ್ಲಿ ಕೇಂದ್ರ ಸರ್ಕಾರ ಪರಿಸರ ಪರಿಣಾಮ ಅಂದಾಜಿನ ಹೊಸ ಕರಡು ಹೊರಡಿಸಿದಾಗ ಲಕ್ಷಾಂತರ ಇಮೇಲ್ ಹೋದವು. ಕರಡನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ ಕೊಡಿ ಎಂದು ದೆಹಲಿ ಹೈಕೋರ್ಟ್ ಹೇಳಿತು. ಸದ್ಯಕ್ಕೆ ಅಂತಿಮಗೊಳಿಸಬೇಡಿ ಎಂದು ಕರ್ನಾಟಕ ಹೈಕೋರ್ಟ್ ತಡೆ ಕೊಟ್ಟಿತು. ಆ ಕರಡು ಕರಡಾಗಿಯೇ ಉಳಿಯಿತು. ಅದರ ಕೆಲವು ಅಂಶಗಳು ಆಮೇಲೆ ಬಿಡಿ ಜ್ಞಾಪನಗಳಾಗಿ ಹಿಂಬಾಗಿಲಿನಿಂದ ಬಂದವು ಎಂಬ ದೂರೂ ಇದೆ.

ಆದ್ದರಿಂದ ಲಿಂಕು ಬಂದರೆ ನಾನು ಈಗ ಸಹಿ ಮಾಡುವುದಿಲ್ಲ ಎಂದೇನಿಲ್ಲ, ಮಾಡುತ್ತೇನೆ. ಯಾರು ಯಾರು ಜೊತೆಗಿದ್ದಾರೆ ಎಂದು ತಿಳಿಯಲು ಅದಕ್ಕಿಂತ ಅಗ್ಗದ ದಾರಿ ಇಲ್ಲ. ನಮ್ಮ 41 ಮನೆಗಳಲ್ಲಿ ಅರ್ಧದಷ್ಟನ್ನು ಹುಡುಕಿಕೊಟ್ಟದ್ದು ಆ ಪಟ್ಟಿಯೇ. ಮೊದಲು ನೋಡುವುದು ಮಾತ್ರ ಮೇಲಿನ ಸಾಲನ್ನು: ಯಾರಿಗೆ ಬರೆದಿದ್ದಾರೆ, ಏನು ಮಾಡಲು ಹೇಳಿದ್ದಾರೆ, ಯಾವ ದಿನಾಂಕದೊಳಗೆ.

ಮೊನ್ನೆ ಗುಂಪಿಗೆ ಹೊಸದೊಂದು ಬಂತು. ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗ ಕೂಡಲೇ ಆಗಬೇಕು. ಅರ್ಧ ತಾಸಿನಲ್ಲಿ ಇನ್ನೊಬ್ಬರು ಅದಕ್ಕೆ ಎದುರಾದದ್ದನ್ನು ಹಾಕಿದರು: ಪಶ್ಚಿಮ ಘಟ್ಟದ ಕಾಡು ಉಳಿಯಬೇಕು, ಮಾರ್ಗ ಬೇಡ. ನಾನು ಎರಡನ್ನೂ ತೆರೆದೆ. ವಿಷಯ ವನ್ಯಜೀವಿ ಮಂಡಳಿ, ಪರಿಸರ ಸಚಿವಾಲಯ, ರೈಲ್ವೆ ಎಂದು ವರ್ಷಗಳಿಂದ ಮೇಜಿನಿಂದ ಮೇಜಿಗೆ ಓಡಾಡುತ್ತಿದೆ. ಎರಡೂ ಮನವಿಗಳ ಮೇಲೆ ವಿಳಾಸ ಒಂದೇ ಇತ್ತು: "ಭಾರತ ಸರ್ಕಾರಕ್ಕೆ".

"ಇದನ್ನ ಯಾವ ಆಫೀಸಿಗೆ ಕೊಡಾವ್ರದೀರಿ?" ಎಂದು ಇಬ್ಬರಿಗೂ ಕೇಳಿದೆ. ಒಬ್ಬರು ಹೆಬ್ಬೆರಳು ತೋರಿಸಿದರು. ಇನ್ನೊಬ್ಬರು, "ಮೊದಲ ಐದು ಸಾವಿರ ಆಗಲಿ ಸರ್" ಎಂದರು.